ರೆಕ್ಕೆ ಕೊಟ್ಟ ಮೇಲೆ ಸೂರು ತಗ್ಗಿಸಬೇಡಿ

ಗೆಳೆಯರೆಲ್ಲ ಮೇಜಿನ ಸುತ್ತ ಕೂತು ಪಾತ್ರಗಳಾಗಿ ಆಡುವ ಆಟ ನಮ್ಮದು, ಅದನ್ನು ನಡೆಸುವವನು ನಾನು. ಹೊಸ ಕ್ಯಾಂಪೇನ್, ಅಂದರೆ ವಾರಗಟ್ಟಲೆ ಸಾಗುವ ಹೊಸ ಕಥೆ, ಶುರುವಾಗುವ ಮೊದಲು ನಮ್ಮ ಗುಂಪಿನ ಗೆಳತಿಯೊಬ್ಬಳು ನನ್ನನ್ನು ಕೇಳಿದ್ದು ಒಂದೇ. "ನನ್ನ ಪಾತ್ರಕ್ಕೆ ರೆಕ್ಕೆ ಬೇಕು. ಮೊದಲ ದಿನದಿಂದಲೇ ಹಾರಬೇಕು." ನಾನು ಹೂಂ ಅಂದುಬಿಟ್ಟೆ. ಆಮೇಲೆ ಒಬ್ಬನೇ ಕೂತು ಯೋಚಿಸಿದಾಗ ಭಯವಾಯಿತು. ನಾನು ಬರೆದಿಟ್ಟಿದ್ದ ಕಂದಕ, ಕೋಟೆ ಗೋಡೆ, ಮುರಿದ ಸೇತುವೆ, ಎಲ್ಲವನ್ನೂ ಇವಳು ಒಂದೇ ನೆಗೆತಕ್ಕೆ ದಾಟಿಬಿಡುತ್ತಾಳೆ ಅಲ್ವಾ ಅನ್ನಿಸಿತು. ಅದಕ್ಕೇ ಮೊದಲ ಸಂಜೆಯ ಆಟದಲ್ಲಿ, ಅಂದರೆ ಮೊದಲ ಸೆಷನ್‌ನಲ್ಲಿ ಗುಹೆಯ ಸೂರನ್ನು ತಗ್ಗಿಸಿದೆ. ಎರಡನೆಯದರಲ್ಲಿ ಬಿರುಗಾಳಿ ಎಬ್ಬಿಸಿದೆ. ಮೂರನೆಯದರಲ್ಲಿ ಪ್ರತಿ ಗೋಪುರದ ಮೇಲೂ ಬಿಲ್ಲುಗಾರರನ್ನು ನಿಲ್ಲಿಸಿದೆ, ಅವರೆಲ್ಲರ ಗುರಿಯೂ ಅವಳೇ.

ಮೂರನೇ ಸೆಷನ್ ಮುಗಿದು ಎಲ್ಲರೂ ದಾಳಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅವಳು ಮೆಲ್ಲಗೆ ಅಂದಳು, "ನನ್ನ ರೆಕ್ಕೆ ತೆಗೆದುಬಿಡು, ಪರವಾಗಿಲ್ಲ. ಬೇರೆ ಪಾತ್ರ ಮಾಡಿಕೊಳ್ಳುತ್ತೇನೆ." ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ಸಂಜೆಯಿಂದ ಈಚೆಗೆ ವಿಚಿತ್ರ ಶಕ್ತಿಗಳಿಗೆ ನಿಯಮ ಬರೆಯುವ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ, ತುಂಬಾ ಬರೆದು ಹೊಡೆದುಹಾಕಿದ್ದೇನೆ. ಅದರಲ್ಲಿ ಉಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ಆರ್‌ಪಿಜಿ ಅಂದರೆ ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಕೂಡಿ ಕಥೆ ಕಟ್ಟುವ ಆಟ. ಒಬ್ಬರು ಆ ಲೋಕವನ್ನು ನಡೆಸುತ್ತಾರೆ, ಅವರೇ ಡಿಎಂ, ಅಂದರೆ ಡಂಜನ್ ಮಾಸ್ಟರ್. ಮಾಡಲು ಹೊರಟ ಕೆಲಸ ಆಗುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದ ಕಾಲದಿಂದಲೂ ಜನ ಪುಸ್ತಕದ ನಿಯಮಕ್ಕೆ ತಮ್ಮದನ್ನೂ ಸೇರಿಸಿಕೊಂಡೇ ಆಡುತ್ತಾ ಬಂದಿದ್ದಾರೆ. ಹೀಗೆ ಸೇರಿಸಿಕೊಂಡ ನಿಯಮವೇ ಹೌಸ್ ರೂಲ್. ನಾವು ಆಡುವುದು ಅದರ ಐದನೇ ಆವೃತ್ತಿ, 2014ರದ್ದು. ಕೆಳಗೆ ಬರುವ ಲೆಕ್ಕಗಳು ಹೆಚ್ಚಾಗಿ ಅದರವೇ.

ಹೊಸ ಶಕ್ತಿ ಬಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಪೆಟ್ಟಿನ ಲೆಕ್ಕವನ್ನು. ಎಷ್ಟು ಡ್ಯಾಮೇಜ್, ಎಷ್ಟು ದೂರ, ದಿನಕ್ಕೆ ಎಷ್ಟು ಸಲ. ನನ್ನ ಅನುಭವದಲ್ಲಿ ಜಾಸ್ತಿ ಪೆಟ್ಟು ಕೊಡುವ ಶಕ್ತಿ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಶತ್ರುವಿಗೆ ಇನ್ನಷ್ಟು ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಕೊಟ್ಟರೆ ಅದು ಸರಿಹೋಗುತ್ತದೆ. ತೊಂದರೆ ಕೊಡುವುದು ಒಂದು ಪ್ರಶ್ನೆಯನ್ನೇ ಮುಚ್ಚಿಹಾಕುವ ಶಕ್ತಿ. ಗೋಡೆ ದಾಟುವುದು ಹೇಗೆ? ಯಾರು ಸುಳ್ಳು ಹೇಳುತ್ತಿದ್ದಾರೆ? ನಾವು ಬದುಕಿ ಬರುತ್ತೇವಾ? ಆಟ ನಡೆಯುವುದೇ ಇಂಥ ಪ್ರಶ್ನೆಗಳ ಮೇಲೆ. ಒಂದು ಪಾತ್ರ ಬಂದು ಅದರಲ್ಲೊಂದನ್ನು ಎಂದೆಂದಿಗೂ ಮುಚ್ಚಿಬಿಟ್ಟರೆ, ಆ ಪ್ರಶ್ನೆಯನ್ನು ನೆಚ್ಚಿಕೊಂಡು ಕೂತಿದ್ದ ಉಳಿದ ಆಟಗಾರರಿಗೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಒಂದು ಸಣ್ಣ ಸ್ಪೆಲ್, ಅಂದರೆ ಮಂತ್ರದ ಉದಾಹರಣೆ ಕೊಡುತ್ತೇನೆ. ಅದರ ಹೆಸರು ಗುಡ್‌ಬೆರಿ. ಮೊದಲ ಲೆವೆಲ್‌ನದು, ಅಂದರೆ ಮಂತ್ರಗಳಲ್ಲಿ ಮೊದಮೊದಲ ಮೆಟ್ಟಿಲಿನದು, ಯಾರೂ ಅದನ್ನು ಬಲವಾದ ಸ್ಪೆಲ್ ಅನ್ನುವುದಿಲ್ಲ. ಹತ್ತು ಹಣ್ಣು ಹುಟ್ಟುತ್ತವೆ, ಒಂದು ತಿಂದರೆ ಒಂದು ಹಿಟ್ ಪಾಯಿಂಟ್ ಬರುತ್ತದೆ, ಜೊತೆಗೆ ಒಬ್ಬರಿಗೆ ಒಂದು ದಿನದ ಆಹಾರವಾಗುತ್ತದೆ. ಸಾಮಾನ್ಯ ಆಟದಲ್ಲಿ ಇದು ಲೆಕ್ಕಕ್ಕೇ ಇಲ್ಲ. ಆದರೆ ನೀವು ಮರುಭೂಮಿ ದಾಟುವ ಕಥೆ ಮಾಡಿದ್ದೀರಿ, ಹಸಿವೇ ಕಥೆಯ ಜೀವ ಅಂದುಕೊಳ್ಳಿ. ಆಗ ಈ ಒಂದು ಸ್ಪೆಲ್ ಐದು ಜನರ ಹೊಟ್ಟೆಯನ್ನು ದಿನವೂ ತುಂಬಿಸಿ ನಿಮ್ಮ ಕಥೆಯನ್ನು ಮೊದಲ ಸಂಜೆಯೇ ಮುಗಿಸುತ್ತದೆ. ಶಕ್ತಿಯ ತೂಕ ಪುಸ್ತಕದಲ್ಲಿ ಬರೆದಿಲ್ಲ, ನೀವು ಆಡುತ್ತಿರುವ ಕಥೆಯಲ್ಲಿದೆ. ಇದಕ್ಕೆ ತುಂಬಾ ಜನ ಮಾಡಿಕೊಂಡಿರುವ ನಿಯಮ ಸರಳ. ಆ ಸ್ಪೆಲ್‌ಗೆ ಬೇಕಾದ ಗಿಡದ ಚಿಗುರು ಪ್ರತಿ ಸಲವೂ ಖರ್ಚಾಗುತ್ತದೆ, ಮತ್ತೆ ಹುಡುಕಿ ತರಬೇಕು. ಆಹಾರ ಸಿಗುತ್ತದೆ, ಆದರೆ ಮರಳಿನ ನಡುವೆ ಹಸಿರು ಚಿಗುರು ಎಲ್ಲಿದೆ ಅನ್ನುವ ಹೊಸ ಪ್ರಶ್ನೆ ಹುಟ್ಟುತ್ತದೆ. ನನಗೆ ಈ ನಿಯಮ ತುಂಬಾ ಇಷ್ಟ. ಶಕ್ತಿಯನ್ನು ಮುಟ್ಟದೆ ಪ್ರಶ್ನೆಯನ್ನು ಉಳಿಸುತ್ತದೆ.

ಈಗ ರೆಕ್ಕೆಯ ಕಡೆಗೆ ಬರುತ್ತೇನೆ. ಈ ಆವೃತ್ತಿಯಲ್ಲಿ ಆರಕೋಕ್ರ ಅನ್ನುವ ಹಕ್ಕಿ ಜನಾಂಗ ಇದೆ. ಮೊದಲು ಬಂದಾಗ ಅವರ ಹಾರುವ ವೇಗ 50 ಅಡಿ ಇತ್ತು, 2022ರಲ್ಲಿ ಬಂದ ಪುಸ್ತಕದಲ್ಲಿ ಅದನ್ನು ನಡೆಯುವ ವೇಗಕ್ಕೆ, ಅಂದರೆ 30 ಅಡಿಗೆ ಇಳಿಸಿದರು. ಭಾರದ ಕವಚ ಹಾಕಿಕೊಂಡರೆ ಹಾರುವ ಹಾಗಿಲ್ಲ. ಪುಸ್ತಕ ಬರೆದವರಿಗೂ ಇದು ಕಷ್ಟದ ವಿಷಯವೇ ಆಗಿತ್ತು ಅಂತ ಇದರಿಂದ ನನಗೆ ಸಮಾಧಾನ ಆಯಿತು. ಹೋಲಿಸಿ ನೋಡಿ. ಮಾಂತ್ರಿಕನಿಗೆ ಹಾರುವ ಮಂತ್ರವಾದ ಫ್ಲೈ ಸ್ಪೆಲ್ ಸಿಗುವುದು ಅವನ ಪಾತ್ರ ಆಡುತ್ತಾ ಬೆಳೆದು ಮುಟ್ಟುವ ಐದನೇ ಲೆವೆಲ್‌ಗೆ. ಅದೂ ಹತ್ತು ನಿಮಿಷ ಮಾತ್ರ, ಅದೂ ಕಾನ್ಸಂಟ್ರೇಶನ್ ಇಟ್ಟುಕೊಂಡು. ಪೆಟ್ಟು ಬಿದ್ದು ಕಾನ್ಸಂಟ್ರೇಶನ್ ತಪ್ಪಿದರೆ ಕೆಳಗೆ ಬೀಳುತ್ತಾನೆ. ರೆಕ್ಕೆ ಇರುವವಳು ಮೊದಲ ಲೆವೆಲ್‌ನಿಂದಲೇ, ದಿನವಿಡೀ, ಏನನ್ನೂ ಖರ್ಚು ಮಾಡದೆ ಹಾರುತ್ತಾಳೆ. ಕೈಯಲ್ಲಿ ಲಾಂಗ್‌ಬೋ ಇದ್ದರೆ 150 ಅಡಿ ದೂರದಿಂದ ಬಾಣ ಬಿಡುತ್ತಾಳೆ. ನೆಲದ ಮೇಲಿರುವ ತೋಳ, ಕರಡಿ, ಜೊಂಬಿ ಯಾವುದೂ ಅವಳನ್ನು ಮುಟ್ಟುವುದಕ್ಕೆ ಆಗುವುದಿಲ್ಲ.

ನಾನು ಮಾಡಿದ ತಪ್ಪು ಎಲ್ಲಿತ್ತು ಅಂದರೆ, ಹಾರುವುದು ಯಾವ ಪ್ರಶ್ನೆಯನ್ನು ಮುಚ್ಚುತ್ತದೆ ಅಂತ ಕೇಳಿಕೊಳ್ಳದೆ ಹಾರಾಟವನ್ನೇ ಮುಚ್ಚಲು ಹೊರಟೆ. ಕೂತು ನೋಡಿದರೆ ಅಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿದ್ದವು. ಒಂದು, ದಾಟುವುದು ಹೇಗೆ? ಇನ್ನೊಂದು, ಹೊಡೆದಾಟದಲ್ಲಿ ಅವಳಿಗೆ ಅಪಾಯ ಇದೆಯಾ? ಮೊದಲನೆಯದರಲ್ಲಿ ನಿಜವಾಗಿ ತೊಂದರೆಯೇ ಇರಲಿಲ್ಲ. ಅವಳೊಬ್ಬಳು ಕಂದಕ ದಾಟಿದರೆ ಏನಾಯಿತು, ಉಳಿದ ನಾಲ್ವರು ಈಚೆಗೇ ಇದ್ದಾರಲ್ಲ. ಅವಳು ಹಗ್ಗ ತೆಗೆದುಕೊಂಡು ಹೋಗಿ ಆಚೆ ಕಟ್ಟುತ್ತಾಳೆ, ಇವರು ಹಿಡಿದುಕೊಂಡು ದಾಟುತ್ತಾರೆ. ಅದು ಒಳ್ಳೆಯ ದೃಶ್ಯ. ಅದನ್ನು ನಾನು ಬಿರುಗಾಳಿ ಎಬ್ಬಿಸಿ ಹಾಳು ಮಾಡಿದ್ದೆ. ಎರಡನೆಯದು ಮಾತ್ರ ನಿಜವಾದ ತೊಂದರೆ.

ಅವಳನ್ನು ಕರೆದು ಕ್ಷಮೆ ಕೇಳಿದೆ. ಇಬ್ಬರೂ ಸೇರಿ ಮೂರು ಸಾಲು ಬರೆದೆವು. ಐದನೇ ಲೆವೆಲ್ ಆಗುವ ತನಕ ನೆಲದಿಂದ 30 ಅಡಿಗಿಂತ ಮೇಲೆ ಹಾರುವ ಹಾಗಿಲ್ಲ, ಆಮೇಲೆ ಮಿತಿ ಇಲ್ಲ. ಹಾರುವಾಗ ಇನ್ನೊಬ್ಬರನ್ನು ಹೊತ್ತುಕೊಳ್ಳುವ ಹಾಗಿಲ್ಲ. ಮೂರನೆಯದು ನನಗೆ ಹಾಕಿದ್ದು, ಪ್ರತಿ ಸೆಷನ್‌ನಲ್ಲೂ ಆಕಾಶ ತೆರೆದಿರುವ ಒಂದು ದೃಶ್ಯವಾದರೂ ಇರಬೇಕು.

30 ಅಡಿ ಅನ್ನುವುದನ್ನು ಸುಮ್ನೆ ಹಾಕಿದ್ದಲ್ಲ. ಎಸೆಯುವ ಈಟಿಯನ್ನು 30 ಅಡಿ ತನಕ ದಾಳದಲ್ಲಿ ಯಾವ ಅಡ್ಡಿಯೂ ಇಲ್ಲದೆ ಎಸೆಯಬಹುದು, ಹಾಗಾಗಿ ನೆಲದ ಮೇಲಿನ ಸಾಮಾನ್ಯ ಶತ್ರುವಿನ ಕೈಯಲ್ಲೂ ಒಂದು ಉತ್ತರ ಇರುತ್ತದೆ. ಬೀಳುವ ಲೆಕ್ಕವೂ ಇಲ್ಲಿ ಕೆಲಸ ಮಾಡುತ್ತದೆ. ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು, ಅಂದರೆ 30 ಅಡಿಯಿಂದ ಬಿದ್ದರೆ ಸರಾಸರಿ ಹತ್ತೂವರೆ. ಮೊದಲ ಲೆವೆಲ್‌ನಲ್ಲಿ ಎಷ್ಟೋ ಪಾತ್ರಗಳ ಇಡೀ ಜೀವವೇ ಅಷ್ಟು. ಹಾರುತ್ತಿರುವವರನ್ನು ಯಾರಾದರೂ ಉರುಳಿಸಿದರೆ, ಇಲ್ಲವೇ ಅವರ ವೇಗ ಸೊನ್ನೆಯಾದರೆ ಬಿದ್ದೇ ಬೀಳುತ್ತಾರೆ ಅಂತ ಪುಸ್ತಕವೇ ಹೇಳುತ್ತದೆ. ಅಪಾಯ ಮೊದಲಿನಿಂದಲೂ ಅಲ್ಲಿತ್ತು. ನಾನು ಅದನ್ನು ಓದಿ ನೆನಪಿಟ್ಟುಕೊಂಡಿರಲಿಲ್ಲ ಅಷ್ಟೇ. ಹೌಸ್ ರೂಲ್ ಬರೆಯುವ ಮೊದಲು ಪುಸ್ತಕದಲ್ಲಿ ಇರುವುದನ್ನು ಪೂರ್ತಿ ಓದಿ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ಆ ಪಾತ್ರ ಆಮೇಲೆ ಎಂಟನೇ ಲೆವೆಲ್ ತನಕ ಬದುಕಿತು. ಐದನೇ ಲೆವೆಲ್ ಆದ ಸಂಜೆ, ಮಿತಿ ತೆಗೆದ ಮೊದಲ ಸಲ, ಅವಳು ಯಾವ ಕಾರಣವೂ ಇಲ್ಲದೆ ಮೋಡದ ತನಕ ಹಾರಿ ವಾಪಸ್ ಬಂದಳು. ಯಾರೂ ದಾಳ ಉರುಳಿಸಲಿಲ್ಲ. ನಾವೆಲ್ಲ ಸುಮ್ಮನೆ ಕೂತು ಅವಳು ಹೇಳುವುದನ್ನು ಕೇಳಿದೆವು.

ಮನಸ್ಸು ಓದುವ ಶಕ್ತಿ ಇದಕ್ಕಿಂತ ಕಷ್ಟ. ಹಾರುವುದು ಜಾಗದ ಪ್ರಶ್ನೆಯನ್ನು ಮುಚ್ಚಿದರೆ ಇದು ಕಥೆಯ ಪ್ರಶ್ನೆಯನ್ನೇ ಮುಚ್ಚುತ್ತದೆ. ಒಂದು ಬಂದರು ಪಟ್ಟಣದಲ್ಲಿ ನಡೆದ ಕೊಲೆಯ ಕಥೆಯನ್ನು ನಾನು ಮೂರು ವಾರ ಕೂತು ಕಟ್ಟಿದ್ದೆ. ಏಳು ಜನ ಅನುಮಾನಿತರು, ಒಬ್ಬೊಬ್ಬರಿಗೂ ಒಂದು ಗುಟ್ಟು. ಇದರಲ್ಲಿ ಆಡಲು ಬಂದ ಗೆಳೆಯನಿಗೆ ಹುಟ್ಟಿನಿಂದಲೇ ಬೇರೆಯವರ ಮನಸ್ಸು ಕೇಳಿಸುತ್ತದೆ ಅನ್ನುವ ಪಾತ್ರ ಬೇಕಿತ್ತು, ಪುಸ್ತಕದ ಸ್ಪೆಲ್ ಅಲ್ಲ, ಯಾವಾಗಲೂ ಇರುವ ಶಕ್ತಿ. ಹಿಂದಿನ ತಪ್ಪಿನ ಭಯದಲ್ಲಿ ನಾನು ಏನೂ ಕೇಳದೆ ಒಪ್ಪಿದೆ. ಹತ್ತೇ ನಿಮಿಷಕ್ಕೆ ಕೊಲೆಗಾರ ಸಿಕ್ಕಿಬಿದ್ದ. ಉಳಿದ ನಾಲ್ವರು ಒಂದು ಮಾತೂ ಆಡುವ ಅವಕಾಶ ಸಿಗದೆ ಕೂತಿದ್ದರು. ಅವರಲ್ಲೊಬ್ಬಳು ತನ್ನ ಪಾತ್ರವನ್ನು ಪತ್ತೇದಾರಿಣಿಯಾಗಿಯೇ ಮಾಡಿಕೊಂಡು ಬಂದಿದ್ದಳು, ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದಳು. ಆ ಪುಟದಲ್ಲಿ ಉತ್ತರದ ಜಾಗ ಹಾಗೇ ಖಾಲಿ ಉಳಿಯಿತು.

ಆಗ ನನಗೆ ಗೊತ್ತಾಯಿತು, ಸಮತೋಲನ ಅಂದರೆ ಪಾತ್ರಕ್ಕೂ ರಾಕ್ಷಸನಿಗೂ ನಡುವಿನದಲ್ಲ. ಮೇಜಿನ ಸುತ್ತ ಕೂತ ಜನರ ನಡುವಿನದು. ರಾಕ್ಷಸನಿಗೆ ಅನ್ಯಾಯವಾದರೆ ಯಾರಿಗೂ ಬೇಜಾರಿಲ್ಲ. ಪಕ್ಕದ ಕುರ್ಚಿಯವಳ ಕೆಲಸವನ್ನು ನಿಮ್ಮ ಶಕ್ತಿ ಕಿತ್ತುಕೊಂಡರೆ ಅವಳು ಮುಂದಿನ ವಾರ ಬರುವುದಕ್ಕೆ ಹಿಂದೆ ಮುಂದೆ ನೋಡುತ್ತಾಳೆ.

ಪುಸ್ತಕದ ಡಿಟೆಕ್ಟ್ ಥಾಟ್ಸ್ ಸ್ಪೆಲ್ ಓದಿದರೆ ಇದನ್ನು ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ಅಂತ ತಿಳಿಯುತ್ತದೆ. ಒಂದು ನಿಮಿಷ ಮಾತ್ರ. ಆ ಕ್ಷಣಕ್ಕೆ ಮನಸ್ಸಿನ ಮೇಲ್ಪದರದಲ್ಲಿ ಇರುವುದಷ್ಟೇ ಸಿಗುತ್ತದೆ. ಆಳಕ್ಕೆ ಇಳಿಯಬೇಕಾದರೆ ಎದುರಿಗಿರುವವರು ಸೇವಿಂಗ್ ಥ್ರೋ ಮಾಡುತ್ತಾರೆ, ಅಂದರೆ ಅದನ್ನು ತಡೆಯಲು ದಾಳ ಉರುಳಿಸುತ್ತಾರೆ, ಗೆದ್ದರೂ ಸೋತರೂ ಯಾರೋ ತಮ್ಮ ತಲೆಯೊಳಗೆ ಇಣುಕುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ. ಮಾತಿನಲ್ಲಿ ಪ್ರಶ್ನೆ ಕೇಳಿದರೆ ಅವರ ಯೋಚನೆ ಆ ಕಡೆ ತಿರುಗುತ್ತದೆ ಅಂತಲೂ ಇದೆ. ನನಗೆ ದಾರಿ ತೋರಿಸಿದ್ದು ಈ ಕೊನೆಯ ಮಾತೇ. ಓದುವವನೊಬ್ಬ, ಕೇಳುವವಳೊಬ್ಬಳು. ಪತ್ತೇದಾರಿಣಿ ಸರಿಯಾದ ಪ್ರಶ್ನೆ ಕೇಳಿದರೆ ಮಾತ್ರ ಇವನಿಗೆ ಸರಿಯಾದ ಯೋಚನೆ ಕೇಳಿಸುತ್ತದೆ. ಇಬ್ಬರೂ ಬೇಕು.

ಇನ್ನೆರಡು ಮಾತು ಸೇರಿಸಿದೆವು. ಮನಸ್ಸಿನಲ್ಲಿ ಕಾಣುವುದು ಆ ವ್ಯಕ್ತಿ ನಂಬಿರುವುದೇ ಹೊರತು ನಡೆದದ್ದಲ್ಲ. ತನ್ನಿಂದಲೇ ಸಾವಾಯಿತು ಅಂತ ಕೊರಗುತ್ತಿರುವ ತಾಯಿಯ ಮನಸ್ಸು ಓದಿದರೆ ಕೊಲೆಗಾರ್ತಿಯ ಮನಸ್ಸಿನ ಹಾಗೆಯೇ ಕಾಣುತ್ತದೆ. ಎರಡನೆಯದು ಆ ಗೆಳೆಯನೇ ಕೊಟ್ಟದ್ದು, ನನಗೆ ಹೊಳೆಯುತ್ತಲೇ ಇರಲಿಲ್ಲ. ಅವನು ಆಳಕ್ಕೆ ಇಳಿದಾಗಲೆಲ್ಲ ಬಾಗಿಲು ಎರಡೂ ಕಡೆ ತೆರೆಯುತ್ತದೆ, ಅವನ ಒಂದು ನೆನಪು ಆಚೆ ಹೋಗುತ್ತದೆ. ಅವನ ಪಾತ್ರ ಚಿಕ್ಕಂದಿನಲ್ಲಿ ತಮ್ಮನನ್ನು ಬೆಂಕಿಯಲ್ಲಿ ಬಿಟ್ಟು ಓಡಿಬಂದಿತ್ತು, ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲಿಂದ ಆಚೆಗೆ ಮನಸ್ಸು ಓದುವ ಪ್ರತಿ ಸಲವೂ ಅವನು ಒಂದು ಗಳಿಗೆ ತಡೆಯುತ್ತಿದ್ದ. ಇಡೀ ಮೇಜು ಅವನ ಮುಖ ನೋಡುತ್ತಿತ್ತು. "ದಿನಕ್ಕೆ ಮೂರು ಸಲ" ಅಂತ ಬರೆದಿದ್ದರೆ ಆ ಗಳಿಗೆ ನಮಗೆ ಸಿಗುತ್ತಿರಲಿಲ್ಲ.

ದಿನಕ್ಕೆ ಇಷ್ಟು ಸಲ ಅನ್ನುವ ಮಿತಿಯ ಬಗ್ಗೆಯೇ ಸ್ವಲ್ಪ ಹೇಳಬೇಕು, ಯಾಕಂದರೆ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. 2014ರ ಡಿಎಂ ಪುಸ್ತಕ ಒಂದು ದಿನದಲ್ಲಿ ಆರರಿಂದ ಎಂಟು ಹೊಡೆದಾಟಗಳನ್ನು ಪಾತ್ರಗಳು ತಡೆದುಕೊಳ್ಳಬಲ್ಲವು ಅಂತ ಲೆಕ್ಕ ಹಾಕುತ್ತದೆ. ನಮ್ಮ ಮೇಜಿನಲ್ಲಿ ಆಟದ ಒಂದು ದಿನಕ್ಕೆ ಒಂದು, ತಪ್ಪಿದರೆ ಎರಡು. ಎಂಟು ಹೊಡೆದಾಟ ಇರುವ ದಿನದಲ್ಲಿ ಮೂರು ಸಲ ಅಂದರೆ ಅಳೆದು ತೂಗಿ ಬಳಸಬೇಕು. ಒಂದೇ ಹೊಡೆದಾಟ ಇರುವ ದಿನದಲ್ಲಿ ಮೂರು ಸಲ ಅಂದರೆ ಅದು ಮಿತಿಯೇ ಅಲ್ಲ. 1981ರ ಚಾಂಪಿಯನ್ಸ್ ಆಟ ಇದನ್ನು ಆಗಲೇ ಗುರುತಿಸಿತ್ತು. ಅಲ್ಲಿ ಶಕ್ತಿಗಳನ್ನು ಪಾಯಿಂಟ್ ಕೊಟ್ಟು ಕೊಳ್ಳಬೇಕು, ಮಿತಿ ಒಪ್ಪಿಕೊಂಡರೆ ಬೆಲೆ ಇಳಿಯುತ್ತದೆ, ಆದರೆ ಆಟದಲ್ಲಿ ನಿಜವಾಗಿ ಕಟ್ಟಿಹಾಕದ ಮಿತಿಗೆ ರಿಯಾಯಿತಿ ಇಲ್ಲ. 1986ರಲ್ಲಿ ಬಂದ ಗರ್ಪ್ಸ್ ಅನ್ನುವ ಆಟದಲ್ಲಿ ಇನ್ನೊಂದು ಉಪಾಯ ಇದೆ. ಆ ಲೋಕದಲ್ಲಿ ಯಾರಲ್ಲೂ ಇಲ್ಲದ ಶಕ್ತಿ ನಿಮಗೆ ಬೇಕಾದರೆ, ಶಕ್ತಿಯ ಬೆಲೆಯ ಜೊತೆಗೆ ಅದು ನಿಮ್ಮೊಬ್ಬರಲ್ಲೇ ಇರುವುದಕ್ಕೂ ಪಾಯಿಂಟ್ ಕೊಡಬೇಕು. ಅನ್‌ಯೂಶುವಲ್ ಬ್ಯಾಕ್‌ಗ್ರೌಂಡ್ ಅನ್ನುತ್ತಾರೆ. ಒಂಟಿಯಾಗಿ ವಿಶೇಷವಾಗಿರುವುದೇ ಒಂದು ಲಾಭ, ಅದಕ್ಕೂ ಬೆಲೆ ಇದೆ. ಎಲ್ಲರೂ ಹಾರುವ ಲೋಕದಲ್ಲಿ ಕೋಟೆಗಳಿಗೆ ಮೇಲೆ ಬಲೆ ಹಾಕಿರುತ್ತಾರೆ. ಒಬ್ಬಳೇ ಹಾರುವ ಲೋಕದಲ್ಲಿ ಯಾರೂ ತಲೆ ಎತ್ತಿ ನೋಡುವುದೇ ಇಲ್ಲ. ನಾವು ಆಡುವ ಆಟದಲ್ಲಿ ಪಾಯಿಂಟ್ ಲೆಕ್ಕ ಇಲ್ಲ, ಆದರೂ ಈ ಯೋಚನೆಯನ್ನು ನಾನು ಎರವಲು ತಂದುಕೊಂಡಿದ್ದೇನೆ.

ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿಯನ್ನು ಕೇಳದ ಗುಂಪೇ ಇಲ್ಲ ಅನ್ನಿಸುತ್ತದೆ. "ಆರು ಸೆಕೆಂಡ್ ಹಿಂದೆ ಹೋಗುತ್ತೇನೆ" ಅನ್ನುವುದು. ಹೊಡೆದಾಟದಲ್ಲಿ ಎಲ್ಲರ ಒಂದೊಂದು ಸರದಿ ಮುಗಿಯುವ ಹೊತ್ತು ಅದು. ಆಟದ ಭಾಷೆಯಲ್ಲಿ ಇದು ದಾಳವನ್ನು ಮತ್ತೆ ಉರುಳಿಸುವುದು, ಅಷ್ಟೇ. ಅಷ್ಟೇ ಅಂದೆ, ಆದರೆ ಲೆಕ್ಕ ಹಾಕಿ ನೋಡಿ. ಅರ್ಧಕ್ಕೆ ಅರ್ಧ ಗೆಲ್ಲುವ ಸಾಧ್ಯತೆ ಇರುವ ಒಂದು ಕೆಲಸ ಇದೆ. 20 ಮುಖದ ದಾಳದಲ್ಲಿ 11 ಅಥವಾ ಜಾಸ್ತಿ ಬರಬೇಕು. ಮೊದಲೇ ಹೇಳಿ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಂಡರೆ, ಅಂದರೆ ಅಡ್ವಾಂಟೇಜ್ ಇದ್ದರೆ, ಸಾಧ್ಯತೆ ಶೇ. 50ರಿಂದ 75ಕ್ಕೆ ಏರುತ್ತದೆ. ಒಂದು ಬಳಕೆಗೆ ಸಿಕ್ಕ ಲಾಭ ಶೇ. 25. ಈಗ ಮೊದಲು ಉರುಳಿಸಿ, ಸೋತದ್ದು ನೋಡಿದ ಮೇಲೆ ಮಾತ್ರ ಎರಡನೆಯದನ್ನು ಉರುಳಿಸುತ್ತೀರಿ ಅಂದುಕೊಳ್ಳಿ. ಗೆದ್ದಾಗ ಶಕ್ತಿ ಖರ್ಚೇ ಆಗುವುದಿಲ್ಲ. ಬಳಸಿದಾಗಲೆಲ್ಲ ಸೋಲಿನಿಂದ ಶುರು ಮಾಡಿ ಶೇ. 50 ಸಾಧ್ಯತೆ ಸಿಗುತ್ತದೆ. ಅದೇ ಶಕ್ತಿ, ಅದೇ ಎರಡು ದಾಳ, ಆದರೆ "ನೋಡಿದ ಮೇಲೆ" ಅನ್ನುವ ಎರಡು ಪದದಿಂದ ಬೆಲೆ ಸರಿಯಾಗಿ ಎರಡು ಪಟ್ಟು ಆಯಿತು. ಸುಲಭದ ಕೆಲಸಗಳಲ್ಲಿ ಈ ಅಂತರ ಇನ್ನೂ ಜಾಸ್ತಿ. ಭವಿಷ್ಯ ನೋಡುವ ಡಿವಿನೇಶನ್ ಮಾಂತ್ರಿಕರ ಪೋರ್ಟೆಂಟ್ ಶಕ್ತಿಯನ್ನು ಬರೆದವರು ಇದನ್ನು ಚೆನ್ನಾಗಿ ಅರಿತಿದ್ದರು. ಲಾಂಗ್ ರೆಸ್ಟ್, ಅಂದರೆ ಪಾತ್ರದ ದೀರ್ಘ ವಿಶ್ರಾಂತಿ, ಆದ ಮೇಲೆ ಎರಡು ದಾಳ ಉರುಳಿಸಿ ಬರೆದಿಟ್ಟುಕೊಳ್ಳುತ್ತಾರೆ, ಕಣ್ಣಿಗೆ ಕಾಣುವ ಯಾರ ದಾಳದ ಬದಲಿಗೆ ಬೇಕಾದರೂ ಆ ಅಂಕಿಯನ್ನು ಇಡಬಹುದು, ಆದರೆ ಆ ದಾಳ ಉರುಳುವ ಮೊದಲೇ ಹೇಳಬೇಕು. ಭವಿಷ್ಯ ಗೊತ್ತಿರುವವರು ಹೇಗೆ ನಡೆದುಕೊಳ್ಳುತ್ತಾರೋ ಹಾಗೇ ಇದೆ ಅಲ್ವಾ?

ನಮ್ಮ ಮೇಜಿನಲ್ಲಿ ಕಾಲ ತಿರುಗಿಸುವವನು ಇನ್ನೊಬ್ಬಳ ದಾಳದಲ್ಲಿ ಬಿದ್ದ 20ನ್ನು, ಅಂದರೆ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು, ಅಳಿಸಿದ ದಿನ ಜಗಳವೇ ಆಯಿತು. ಅವಳಿಗೆ ತಿಂಗಳುಗಟ್ಟಲೆ 20 ಬಿದ್ದಿರಲಿಲ್ಲ. ಬಿದ್ದ ದಿನವೇ ಇವನು ತನ್ನದೊಂದು ತಪ್ಪು ಸರಿಮಾಡಲು ಆರು ಸೆಕೆಂಡ್ ಹಿಂದಕ್ಕೆ ಹೋದ, ಅವಳ ಸರದಿಯೂ ಅದರಲ್ಲೇ ಕೊಚ್ಚಿಹೋಯಿತು. ಈಗ ನಿಯಮ ಹೀಗಿದೆ. ಬೇರೆಯವರ ದಾಳವನ್ನು ಅವರು ಒಪ್ಪದೆ ಮುಟ್ಟುವ ಹಾಗಿಲ್ಲ, ಕಥೆಯಲ್ಲಿ ಕಾಲ ಹಿಂದೆ ಹೋದರೂ ಅವರ ಅಂಕಿ ಹಾಗೇ ನಿಲ್ಲುತ್ತದೆ. ಎರಡನೇ ಸಲ ಬಿದ್ದದ್ದು ಮೊದಲಿನದಕ್ಕಿಂತ ಕೆಟ್ಟದಾದರೂ ಅದನ್ನೇ ಇಟ್ಟುಕೊಳ್ಳಬೇಕು. ಅಳಿಸಿಹೋದ ಆರು ಸೆಕೆಂಡ್ ಅವನೊಬ್ಬನಿಗೆ ಮಾತ್ರ ನೆನಪಿರುತ್ತದೆ, ಹಾಗಾಗಿ ಅಲ್ಲಿ ಏನು ನೋಡಿದ ಅಂತ ಒಂದು ವಾಕ್ಯ ಹೇಳಿ ಮುಂದೆ ಹೋಗಬೇಕು.

ಸಾವೇ ಇಲ್ಲದ ಪಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಮುಚ್ಚಿಹೋಗುವ ಪ್ರಶ್ನೆ ದೊಡ್ಡದು, ಆದ್ದರಿಂದ ಅಷ್ಟೇ ದೊಡ್ಡ ಪ್ರಶ್ನೆಯನ್ನು ಅದರ ಜಾಗದಲ್ಲಿ ಇಡಬೇಕು. ನಮ್ಮ ಗೆಳೆಯನೊಬ್ಬ ಆಟದ ಮೊದಲ ದಿನ ಐದು ಹೆಸರು ಬರೆದುಕೊಂಡ, ಅವನ ಪಾತ್ರ ಪ್ರೀತಿಸುವ ಐದು ಜನರದು. ಸತ್ತು ಎದ್ದಾಗಲೆಲ್ಲ ಒಂದು ಹೆಸರನ್ನು ಅವನೇ ಹೊಡೆದುಹಾಕಬೇಕು, ಆ ವ್ಯಕ್ತಿ ಯಾರು ಅಂತ ಪಾತ್ರಕ್ಕೆ ನೆನಪಿರುವುದಿಲ್ಲ. ಎರಡು ಹೆಸರು ಹೋದವು. ಮೂರನೆಯ ಸಲ ಸಾಯುವುದಕ್ಕೆ ಅವನು ಉಳಿದವರೆಲ್ಲರಿಗಿಂತ ಜಾಸ್ತಿ ಹೆದರುತ್ತಿದ್ದ.

ಗೋಡೆಯೊಳಗೆ ತೂರಿ ಹೋಗುವ ಶಕ್ತಿಯೂ ಹಾಗೆಯೇ, ಅದು ಸೀದಾ ಕಳ್ಳನ ಪಾತ್ರ ಮಾಡುವವರ ಕುರ್ಚಿಯ ಮೇಲೆ ಹೋಗಿ ಕೂರುತ್ತದೆ. ಬೀಗ ತೆರೆಯುವುದನ್ನೇ ಕಲಿತು ಬಂದವಳಿಗೆ ಕೆಲಸ ಇಲ್ಲದಂತೆ ಆಗುತ್ತದೆ. ನಾವು ಮಾಡಿದ್ದು ಸರಳ. ತೂರಿ ಹೋಗುವವನು ಬರಿಗೈಯಲ್ಲಿ ಹೋಗಬೇಕು, ಬಟ್ಟೆ ಬಿಟ್ಟರೆ ಏನೂ ಜೊತೆಗೆ ಬರುವುದಿಲ್ಲ. ಆಚೆ ಏನಿದೆ ಅಂತ ಅವನು ನೋಡಿ ಬರುತ್ತಾನೆ, ಬಾಗಿಲನ್ನು ಅವಳು ತೆರೆಯುತ್ತಾಳೆ. ಒಮ್ಮೆ ಅವನು ಆಚೆ ಸಿಕ್ಕಿಹಾಕಿಕೊಂಡು ಬೆದರಿ ನಿಂತಿದ್ದಾಗ ಅವಳು ನಡುಗುವ ಕೈಯಲ್ಲಿ ಬೀಗ ತೆರೆದದ್ದು ಆ ಕ್ಯಾಂಪೇನ್‌ನ ನನ್ನ ಮೆಚ್ಚಿನ ದೃಶ್ಯ.

ಇದಕ್ಕೆ ತಿರುಗುಮುರುಗಾದದ್ದನ್ನು ಜನ ಮರೆಯುತ್ತಾರೆ. ಬಲ ಜಾಸ್ತಿಯಾದ ಶಕ್ತಿಯನ್ನು ಎಲ್ಲರೂ ಗಮನಿಸುತ್ತಾರೆ, ಬಲ ಸಾಲದ ಶಕ್ತಿಯನ್ನು ಯಾರೂ ಗಮನಿಸುವುದಿಲ್ಲ, ಅದನ್ನು ಆರಿಸಿಕೊಂಡವರೂ ಬಾಯಿಬಿಟ್ಟು ಹೇಳುವುದಿಲ್ಲ. ಕಲ್ಲುಗಳ ಜೊತೆ ಮಾತಾಡುವ ಪಾತ್ರವೊಂದು ನಮ್ಮಲ್ಲಿತ್ತು. ಐದು ಸೆಷನ್ ಕಳೆದರೂ ಒಂದು ಕಲ್ಲೂ ಮಾತಾಡಲಿಲ್ಲ, ಯಾಕಂದರೆ ನಾನು ಯಾವ ಕಲ್ಲಿಗೂ ಏನೂ ಬರೆದಿರಲಿಲ್ಲ. ಈಗ ಪ್ರತಿ ಸೆಷನ್‌ಗೆ ಮೊದಲು ಪಾತ್ರಗಳ ಹೆಸರು ಬರೆದು, ಪಕ್ಕದಲ್ಲಿ ಅವರ ವಿಚಿತ್ರ ಶಕ್ತಿಗೆ ಇವತ್ತು ಎಲ್ಲಿ ಕೆಲಸ ಇದೆ ಅಂತ ಬರೆದುಕೊಳ್ಳುತ್ತೇನೆ. ಯಾರ ಮುಂದಾದರೂ ಎರಡು ಸಲ ಖಾಲಿ ಉಳಿದರೆ ಅವರ ಶಕ್ತಿಯನ್ನು ಹೆಚ್ಚಿಸುತ್ತೇನೆ.

ನಿಯಮ ಬದಲಾಯಿಸುವ ಕ್ರಮವೂ ಮುಖ್ಯ. ನಮ್ಮಲ್ಲಿ ಯಾವ ಹೌಸ್ ರೂಲ್ ಆದರೂ ಮೂರು ಸಾಲಿನಲ್ಲಿ ಕಾಗದದ ಮೇಲೆ ಇರಬೇಕು, ಮೂರು ಸಾಲಿಗೆ ನಿಲ್ಲದಿದ್ದರೆ ಅದು ಇನ್ನೂ ಹಣ್ಣಾಗಿಲ್ಲ ಅಂತ ಅರ್ಥ. ಮೂರು ಸೆಷನ್ ಆಡಿ ನೋಡುತ್ತೇವೆ. ದೃಶ್ಯದ ನಡುವೆ ಬದಲಾಯಿಸುವುದಿಲ್ಲ, ಆ ಕ್ಷಣಕ್ಕೆ ಅದು ಎಷ್ಟೇ ಅನ್ಯಾಯ ಅನ್ನಿಸಿದರೂ ಆಟಗಾರನ ಪರವಾಗಿ ತೀರ್ಪು ಕೊಟ್ಟು ಸಂಜೆ ಮುಗಿದ ಮೇಲೆ ಮಾತಾಡುತ್ತೇವೆ. ಬದಲಾವಣೆಯಿಂದ ಯಾರ ಪಾತ್ರವಾದರೂ ಬಡವಾದರೆ ಅವರು ಅದನ್ನು ಮೊದಲಿನಿಂದ ಕಟ್ಟಿಕೊಳ್ಳಬಹುದು, ಲೆವೆಲ್ ಕಳೆದುಕೊಳ್ಳದೆ. ಇದೊಂದು ಭರವಸೆ ಕೊಟ್ಟ ಮೇಲೆ ಆಟಗಾರರೇ ಬಂದು "ನನ್ನ ಶಕ್ತಿ ಜಾಸ್ತಿ ಆಯ್ತೇನೋ" ಅನ್ನಲು ಶುರು ಮಾಡಿದರು. ಬಚ್ಚಿಟ್ಟು ತಿದ್ದುವ ಡಿಎಂ ಆಗಿದ್ದಾಗ ಈ ಮಾತು ನನಗೆ ಒಂದು ಸಲವೂ ಕೇಳಿರಲಿಲ್ಲ.

ಈ ವಾರ ರೆಕ್ಕೆಯ ಗೆಳತಿಯೇ ಹೊಸ ಪಾತ್ರ ತಂದಿದ್ದಾಳೆ. ಅದರ ನೆರಳು ಮೈಯಿಂದ ಬಿಡಿಸಿಕೊಂಡು ತಾನಾಗಿಯೇ ನಡೆಯುತ್ತದೆ. ಇಬ್ಬರೂ ಕೂತು ಬರೆದದ್ದು ಇಷ್ಟು. ನೆರಳು ಏನಾದರೂ ಮಾಡಿದರೆ ಆ ಸರದಿಯಲ್ಲಿ ಮೈ ಕದಲುವುದಿಲ್ಲ, ಯಾಕಂದರೆ ಒಬ್ಬಳಿಗೆ ಎರಡು ಸರದಿ ಆದರೆ ಉಳಿದವರು ಕಾಯುತ್ತಾ ಕೂರಬೇಕು. ನೆರಳು ನೋಡಬಲ್ಲದು, ಕೇಳಬಲ್ಲದು, ಮುಟ್ಟಲಾರದು. ಮೂರನೇ ಸಾಲಿನಲ್ಲಿ ತಕರಾರಿದೆ. ಯಾರಾದರೂ ದೀಪ ಹಚ್ಚಿ ನೆರಳನ್ನು ಅಳಿಸಿದರೆ ಮೈಗೆ ನೋವಾಗಬೇಕು ಅಂತ ನಾನು ಅನ್ನುತ್ತೇನೆ. ನೋವಲ್ಲ, ನೆರಳು ವಾಪಸ್ ಬರುವಾಗ ಆ ದೀಪ ಹಚ್ಚಿದವರ ನೆರಳನ್ನೂ ಜೊತೆಗೆ ಕರೆದುಕೊಂಡು ಬರಬೇಕು ಅಂತ ಅವಳು ಅನ್ನುತ್ತಾಳೆ. ಆ ಸಾಲನ್ನು ಪೆನ್ಸಿಲ್‌ನಲ್ಲಿ ಅವಳು ಹೇಳಿದ ಹಾಗೆಯೇ ಬರೆದಿದ್ದೇವೆ, ಶನಿವಾರ ಆಡಿ ನೋಡುತ್ತೇವೆ.